ಹೆಸರಿಗೆ ಮ್ಯಾನೇಜರ್

ಕಳೆದ ವಾರ ನಮ್ಮ ಕಚೇರಿಗೆ ಒಬ್ಬ ತರುಣ ಬಂದಿದ್ದ. ಆತನ ತಂದೆ ಇದೇ ದಾವಣಗೆರೆಯ ಹತ್ತಿ ಗಿರಣಿಯೊಂದರಲ್ಲಿ ದುಡಿದು, ಗಿರಣಿಗೆ ಬೀಗ ಬಿದ್ದ ದಿನ ಬರಿಗೈಯಲ್ಲಿ ಮನೆಗೆ ಬಂದವರು. ಮಗ ಬಿ.ಕಾಂ. ಓದಿ ಚೌಕಿಪೇಟೆಯ ಜವಳಿ ಅಂಗಡಿಯೊಂದರಲ್ಲಿ ಒಂಬತ್ತು ವರ್ಷ ಗಿರಾಕಿಗಳನ್ನು ನೋಡಿಕೊಂಡವನು. ಮದುವೆ ಜವಳಿಗೆ ಹತ್ತು ಜನ ಬಂದು ಕುಳಿತರೆ, ಸೀರೆ ಒಪ್ಪುವವರು ಯಾರು, ದುಡ್ಡು ಬಿಚ್ಚುವವರು ಯಾರು ಎಂದು ಐದು ನಿಮಿಷದಲ್ಲಿ ಹೇಳಬಲ್ಲ. ಊರಿಗೆ ಹೊಸದಾಗಿ ಬಂದ ದೊಡ್ಡ ಕಂಪನಿಯ ಮಳಿಗೆಗೆ ಮ್ಯಾನೇಜರ್ ಬೇಕೆಂದು ತಿಳಿದು ಆತ ಅರ್ಜಿ ಹಾಕಿದ್ದ.

ಸಂದರ್ಶನ ಮೂರು ಸಲ ನಡೆಯಿತು. ಮೊದಲನೆಯದು ದೂರವಾಣಿಯಲ್ಲಿ, ಇಪ್ಪತ್ತು ನಿಮಿಷ, ಪೂರ್ತಿ ಇಂಗ್ಲಿಷಿನಲ್ಲಿ. ಎರಡನೆಯದಕ್ಕೆ ಬೆಳಿಗ್ಗೆ ಹತ್ತಕ್ಕೆ ಬರಹೇಳಿ ಮಧ್ಯಾಹ್ನ ಎರಡೂವರೆಗೆ ಒಳಗೆ ಕರೆದರು. ಐದು ವರ್ಷದ ನಂತರ ಎಲ್ಲಿರುತ್ತೀರಿ ಎಂದು ಕೇಳಿದರಂತೆ. "ಇಲ್ಲೇ ಸಾರ್, ನಮ್ಮೂರಲ್ಲೇ" ಎಂದ. ಅವರು ಮುಖ ಮುಖ ನೋಡಿಕೊಂಡು ನಕ್ಕರು. ಆಮೇಲೆ, ಕೆಲಸದ ಅಂದಾಜು ಸಿಗಲಿ, ಶನಿವಾರ ಒಂದು ದಿನ ಬಂದು ನೋಡಿ ಎಂದರು. ಶನಿವಾರ ಆತ ನೋಡಿದ್ದು ಹೀಗೆ: ಲಾರಿಯಿಂದ ಇಳಿದ ಪೆಟ್ಟಿಗೆಗಳನ್ನು ಹೊತ್ತ, ಅಟ್ಟಣಿಗೆಗೆ ಸಾಮಾನು ಜೋಡಿಸಿದ, ಸಂಜೆ ಬಿಲ್ಲು ಹಾಕುವವನು ಬಾರದಿದ್ದಾಗ ಅಲ್ಲಿ ನಿಂತ. ರಾತ್ರಿ ಒಂಬತ್ತೂವರೆಗೆ ಬಿಟ್ಟರು. ಕೂಲಿಯ ಮಾತು ಹಾಗಿರಲಿ, ಒಂದು ಲೋಟ ಚಹಾ ಕೊಟ್ಟವರಿಲ್ಲ.

ಮೂರನೆಯದರಲ್ಲಿ ಬೆಂಗಳೂರಿನಿಂದ ದೊಡ್ಡ ಅಧಿಕಾರಿಯೊಬ್ಬರು ಪರದೆಯ ಮೇಲೆ ಕಾಣಿಸಿಕೊಂಡರು. ಮದುವೆಯಾಗಿದೆಯೇ, ಮಕ್ಕಳೆಷ್ಟು, ಭಾನುವಾರ ಬರುತ್ತೀರಾ ಎಂದೆಲ್ಲ ಕೇಳಿದರು. ಸಂಬಳವೆಷ್ಟು, ಎಷ್ಟು ಗಂಟೆಯ ಕೆಲಸ ಎಂದು ಈತ ಕೇಳಿದ್ದಕ್ಕೆ, "ಮ್ಯಾನೇಜರ್ ಆಗೋರು ಗಂಟೆ ಲೆಕ್ಕ ಹಾಕಬಾರದು" ಎಂಬ ಉತ್ತರ ಬಂತು. ಅಷ್ಟೆ. ಐದು ವಾರವಾಯಿತು. ಆಗುವುದೆಂದೂ ಇಲ್ಲ, ಆಗದೆಂದೂ ಇಲ್ಲ; ಕರೆ ಮಾಡಿದರೆ ತೆಗೆಯುವವರಿಲ್ಲ. ಈ ನಡುವೆ ಹಳೆಯ ಯಜಮಾನರಿಗೆ ಸುದ್ದಿ ಮುಟ್ಟಿ, ಮೂರು ದಿನದ ಸಂಬಳ ಕಡಿದು, ಮಾತು ಕಡಿಮೆ ಮಾಡಿದ್ದಾರೆ.

ಚೌಕಿಪೇಟೆಯಲ್ಲಿಯಾಗಲಿ ಹೊಸ ಮಳಿಗೆಯಲ್ಲಿಯಾಗಲಿ ಗಿರಾಕಿ ಆಡುವುದು ಕನ್ನಡ. ಅಂಥ ಅಂಗಡಿ ನಡೆಸುವವನನ್ನು ಇಂಗ್ಲಿಷಿನ ಜರಡಿಯಲ್ಲಿ ಸೋಸುವುದೇಕೆ? ಡಾ. ಲೋಹಿಯಾ ಅವರು ಇಂಗ್ಲಿಷಿನ ಆಡಳಿತವನ್ನು ವಿರೋಧಿಸಿದಾಗ ಇದು ಭಾಷಾಭಿಮಾನಿಗಳ ಜಗಳವೆಂದು ನಕ್ಕವರಿದ್ದರು. ಗಿರಣಿ ಕಾರ್ಮಿಕನ ಮಗ ಬಾಗಿಲಲ್ಲೇ ನಿಂತಿರುವುದನ್ನು ಅವರು ಈಗ ಬಂದು ನೋಡಬಹುದು.

ಆದರೆ ನಮ್ಮನ್ನು ಹೆಚ್ಚು ಕಾಡಿದ್ದು ಆ ಗಂಟೆಯ ಮಾತು. ಅದು ಬಾಯಿ ತಪ್ಪಿ ಬಂದದ್ದಲ್ಲ. ನಮ್ಮ ರಾಜ್ಯದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ 1961ರಲ್ಲಿ ಬಂದದ್ದು. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ, ಮೀರಿದರೆ ಇಮ್ಮಡಿ ಕೂಲಿ ಎಂಬ ನಿಯಮವನ್ನು ಅದು ಅಂಗಡಿ ನೌಕರರಿಗೆ ತಂದಿತು. ಆದರೆ ಆಡಳಿತದ ಹುದ್ದೆಯಲ್ಲಿರುವವರನ್ನು ಅದರ ಹೊರಗಿಟ್ಟಿತು. ಈ ಸಣ್ಣ ಕಿಂಡಿಯಲ್ಲಿ ದೊಡ್ಡ ಕಂಪನಿಗಳು ನುಸುಳುತ್ತಿವೆ. ಬೆಳಿಗ್ಗೆ ಬಾಗಿಲು ತೆಗೆದು, ಸಾಮಾನು ಇಳಿಸಿ, ರಾತ್ರಿ ಲೆಕ್ಕ ಒಪ್ಪಿಸುವವನಿಗೆ ಮ್ಯಾನೇಜರ್ ಎಂದು ನಾಮಕರಣ ಮಾಡಿದರೆ ಗಂಟೆಯ ಲೆಕ್ಕವೇ ಮಾಯ! ಈ ಮ್ಯಾನೇಜರನಿಗೆ ಒಂದು ರೂಪಾಯಿ ದರ ಇಳಿಸುವ ಅಧಿಕಾರವಿಲ್ಲ. ಕೈಕೆಳಗಿನ ಹುಡುಗನಿಗೆ ಅರ್ಧ ದಿನ ರಜೆ ಕೊಡಬೇಕಾದರೂ ಬೆಂಗಳೂರನ್ನು ಕೇಳಬೇಕು. ಹುದ್ದೆಯ ಹೆಸರು ಮುಖ್ಯವಲ್ಲ, ಮಾಡುವ ಕೆಲಸ ಮುಖ್ಯ ಎಂದು ಕಾರ್ಮಿಕ ವಿವಾದಗಳಲ್ಲಿ ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿವೆ. ಸರಿಯೆ. ಆದರೆ ಕೆಲಸವೇ ಸಿಗದವನು ಯಾವ ನ್ಯಾಯಾಲಯಕ್ಕೆ ಹೋದಾನು?

ಇಲ್ಲಿಯವರೆಗೆ ಓದಿದ ನಮ್ಮ ವರ್ತಕ ಬಂಧುಗಳು ತಲೆದೂಗಿರಬಹುದು. 2012ರಲ್ಲಿ ಕೇಂದ್ರ ಸರ್ಕಾರ ಚಿಲ್ಲರೆ ವ್ಯಾಪಾರದಲ್ಲಿ ಶೇ. 51ರಷ್ಟು ವಿದೇಶಿ ಬಂಡವಾಳಕ್ಕೆ ಅನುಮತಿ ಕೊಟ್ಟಾಗ ಅವರ ಜೊತೆ ನಾವೂ ವಿರೋಧಿಸಿದ್ದೆವು, ಈಗಲೂ ವಿರೋಧಿಸುತ್ತೇವೆ. ಆದರೂ ಒಂದು ಮಾತನ್ನು ನುಂಗಿಕೊಳ್ಳಲಾರೆವು. ಎರಡನೆಯ ಸಂದರ್ಶನದಲ್ಲಿ ಆ ತರುಣನನ್ನು ಅನುಭವದ ದಾಖಲೆ ಕೇಳಿದರು. ಆತನ ಬಳಿ ಒಂದು ಚೀಟಿಯೂ ಇರಲಿಲ್ಲ. ಒಂಬತ್ತು ವರ್ಷದ ದುಡಿಮೆ ಅವರ ಕಾಗದದಲ್ಲಿ ಸೊನ್ನೆಯಾಯಿತು! ನೌಕರನನ್ನು ಇಟ್ಟುಕೊಂಡ 30 ದಿನದೊಳಗೆ ಹುದ್ದೆ, ಸಂಬಳ, ಷರತ್ತು ಬರೆದು ನೇಮಕ ಪತ್ರ ಕೊಡಬೇಕೆಂದು ಅದೇ ಕಾಯಿದೆ ಹೇಳುತ್ತದೆ. ಚೌಕಿಪೇಟೆ, ಮಂಡಿಪೇಟೆಗಳಲ್ಲಿ ಎಷ್ಟು ಅಂಗಡಿಗಳಲ್ಲಿ ಕೊಟ್ಟಿದ್ದಾರೆ? ಹುಡುಗ ಮನೆ ಮಗನಿದ್ದಂತೆ, ಅವನಿಗೆ ಕಾಗದವೇಕೆ ಎನ್ನುತ್ತಾರೆ. ಮನೆ ಮಗನನ್ನು ಯಾರೂ ಹನ್ನೆರಡು ಗಂಟೆ ನಿಲ್ಲಿಸುವುದಿಲ್ಲ. ಕೂರಲು ಆಸನ ಕೊಡಬೇಕೆಂದು ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾಯಿದೆ ಮಾಡಬೇಕಾಗಿ ಬಂದದ್ದು ಬಟ್ಟೆ ಅಂಗಡಿಗಳ ಹೆಣ್ಣುಮಕ್ಕಳು ನಿಂತು ನಿಂತು ಕಾಲು ಸೋತ ಮೇಲೆ.

ಕಂಪನಿಯನ್ನು ನಾವು ಕೇಳುವುದು ಹೆಚ್ಚೇನಲ್ಲ. ಸಂಬಳ ಮತ್ತು ಗಂಟೆಯನ್ನು ಜಾಹೀರಾತಿನಲ್ಲೇ ಹಾಕಲಿ. ಪರೀಕ್ಷೆಯ ಹೆಸರಿನಲ್ಲಿ ದುಡಿಸಿದ ದಿನಕ್ಕೆ ಕೂಲಿ ಕೊಡಲಿ. ಬೇಡವಾದರೆ ಬೇಡವೆಂದು ಎರಡು ಸಾಲು ಬರೆಯಲಿ. ಕಾರ್ಮಿಕ ಇಲಾಖೆಯವರು ಮಳಿಗೆಗೆ ಹೋಗಿ ಅಲ್ಲಿ ಎಷ್ಟು ಜನ ಮ್ಯಾನೇಜರುಗಳಿದ್ದಾರೆ, ಅವರಲ್ಲಿ ಪೆಟ್ಟಿಗೆ ಹೊರುವವರೆಷ್ಟು ಎಂದು ಎಣಿಸಿ ಬರಲಿ.

ಆ ಶನಿವಾರದ ಕೂಲಿ ಕೇಳಿ ಆತ ನಮ್ಮ ಮೇಜಿನ ಮೇಲೆಯೇ ಕಾರ್ಮಿಕ ಅಧಿಕಾರಿಗಳಿಗೆ ಅರ್ಜಿ ಬರೆದಿದ್ದಾನೆ. ಒಂಬತ್ತು ವರ್ಷದ ಅನುಭವ ಪತ್ರವನ್ನು ಹಳೆಯ ಯಜಮಾನರಲ್ಲಿಯೂ ಕೇಳಿದ್ದಾನೆ. ದೀಪಾವಳಿ ವ್ಯಾಪಾರ ಮುಗಿಯಲಿ, ನೋಡೋಣ ಎಂದಿದ್ದಾರಂತೆ.