ಕೆಮ್ಮಣ್ಣಿನ ಚಿತ್ರಗಳೂ ಕೊಪ್ಪಳದ ಬಂಡಾಯಗಳೂ

ಗಂಗಾವತಿಗೆ ಪಶ್ಚಿಮದಲ್ಲಿರುವ ಹಿರೇಬೆಣಕಲ್ಲಿನ ಬೆಟ್ಟಸಾಲಿನಲ್ಲಿ, ಗವಿಗಳಂತೆ ಬಾಗಿದ ಹೆಬ್ಬಂಡೆಗಳ ಮೈಮೇಲೆ ಕೆಮ್ಮಣ್ಣಿನಿಂದ ಬರೆದ ಚಿತ್ರಗಳಿರುವುವು. ಜಿಂಕೆ, ಗೂಳಿ, ಕುದುರೆ, ಕುಣಿಯುವ ಜನ, ಆಯುಧ ಹಿಡಿದ ಜನ, ಇವು ಅಲ್ಲಿ ಕಾಣುವ ರೂಪಗಳು. ಈ ಆಯುಧಧಾರಿಗಳನ್ನು ಬೊಟ್ಟುಮಾಡಿ ತೋರಿಸಿ, ‘ಈ ನೆಲದ ಬಂಡಾಯಕ್ಕೆ ಇವರೇ ಮೂಲಪುರುಷರು, ಇವರ ರಕ್ತವೇ ೧೮೫೮ರಲ್ಲಿ ಕೊಪ್ಪಳದ ಕೋಟೆಯನ್ನೇರಿತು, ಇವರ ರಕ್ತವೇ ೧೯೪೭ರಲ್ಲಿ ನಿಜಾಮನಿಗೆ ಇದಿರಾಗಿ ಮರಳಿ ಎದ್ದಿತು’ ಎಂದು ಹೇಳುವುದು ಸುಲಭ. ಸಭೆಯಲ್ಲಿ ಇಂತಹ ಮಾತಿಗೆ ಚಪ್ಪಾಳೆಯೂ ಬೀಳುವುದು. ಆದರೆ ಈ ಮಾತಿಗೆ ಆಧಾರವಿಲ್ಲ. ಆಧಾರವಿಲ್ಲದ ಮಾತು ಚಿತ್ರಕ್ಕೂ ಬಂಡಾಯಕ್ಕೂ ಒಮ್ಮೆಗೇ ಅನ್ಯಾಯವನ್ನು ಮಾಡುವುದೆಂಬುದನ್ನು ವಾಚಕರು ವಿಚಾರಿಸಬೇಕು.

ಮೊದಲು ಚಿತ್ರಗಳ ಮಾತು. ಹಿರೇಬೆಣಕಲ್ಲಿನಲ್ಲಿ ಸುಮಾರು ೪೦೦ ಶಿಲಾಸಮಾಧಿಗಳಿರುವುವು. ಅವು ಕಬ್ಬಿಣದ ಯುಗದವು. ಕ್ರಿಸ್ತಪೂರ್ವ ೮೦೦ರಿಂದ ೨೦೦ರ ವರೆಗಿನ ಕಾಲವನ್ನು ವಿದ್ವಾಂಸರು ಅವುಗಳಿಗೆ ಹೇಳುತ್ತಾರೆ. ಕೆಮ್ಮಣ್ಣಿನ ಚಿತ್ರಗಳ ಕಾಲವನ್ನು ನಿಶ್ಚಯಿಸುವುದಾದರೋ ಇನ್ನೂ ಕಷ್ಟ. ಕೆಮ್ಮಣ್ಣು ಖನಿಜವಾದುದರಿಂದ ಇಂಗಾಲವನ್ನು ಅಳೆದು ಕಾಲ ತಿಳಿಯುವ ವಿಧಾನವು ಅದಕ್ಕೆ ನೇರವಾಗಿ ಸಲ್ಲದು. ಒಂದೇ ಬಂಡೆಯ ಮೇಲೆ ಬೇರೆಬೇರೆ ತಲೆಮಾರಿನವರು ಬರೆದಿರಲೂಬಹುದು. ಆಯುಧ ಹಿಡಿದವನು ಬೇಟೆಗಾರನೋ, ದನಗಾಹಿಯೋ, ಹಬ್ಬದಲ್ಲಿ ಕುಣಿಯುವವನೋ ಚಿತ್ರವು ಹೇಳದು. ಇನ್ನು ಬಂಡಾಯವೆಂದರೆ ಅದಕ್ಕೆ ಮೊದಲು ಒಬ್ಬ ಒಡೆಯನಿರಬೇಕು, ಅವನ ಕಂದಾಯವಿರಬೇಕು, ಅವನ ಆಜ್ಞೆಯಿರಬೇಕು. ಬಂಡೆಯ ಮೇಲಿನ ವೀರನು ಯಾವ ಒಡೆಯನ ಮೇಲೆ ದಂಗೆಯೆದ್ದನು? ಈ ಪ್ರಶ್ನೆಗೆ ಉತ್ತರವಿಲ್ಲದೆ ಅವನನ್ನು ಬಂಡಾಯಗಾರನೆಂದು ಕರೆಯುವುದು, ಆ ಸಮಾಧಿಗಳನ್ನು ಕುಳ್ಳ ಮೋರ್ಯರ ಮನೆಗಳೆಂದು ಬಗೆದ ಹಳ್ಳಿಯ ಕಥೆಗಿಂತ ಹೆಚ್ಚಿನ ಶಾಸ್ತ್ರವೇನೂ ಅಲ್ಲ. ಆ ಕಥೆಯಾದರೂ ಕಥೆಯೆಂದೇ ಹೇಳಿಸಿಕೊಳ್ಳುವುದು. ಈ ಮಾತು ಇತಿಹಾಸವೆಂಬ ಹೆಸರಿನಲ್ಲಿ ಓಡಾಡುವುದು.

ಇನ್ನು ಬಂಡಾಯದ ಮಾತು. ಕೊಪ್ಪಳದ ಕೋಟೆಯನ್ನು ೧೮೧೯ರಲ್ಲಿ ವೀರಪ್ಪನು ಹಿಡಿದು ನಿಂತನು. ಮುಂದೆ ಆಯುಧಗಳನ್ನು ಒಪ್ಪಿಸಬೇಕೆಂಬ ಕಂಪನಿ ಸರಕಾರದ ಆಜ್ಞೆಯು ಮುಂಬಯಿ ಕರ್ನಾಟಕದಲ್ಲಿ ಅಸಮಾಧಾನವನ್ನು ಎಬ್ಬಿಸಿತು. ಮುಂಡರಗಿಯ ಭೀಮರಾಯನೂ ಹಮ್ಮಿಗಿಯ ಕೆಂಚನಗೌಡನೂ ದಂಗೆಯೆದ್ದು ಇದೇ ಕೋಟೆಯನ್ನು ಹೊಕ್ಕು, ೧೮೫೮ರ ಜೂನ್ ೧ರಂದು ಅಲ್ಲಿಯೇ ಮಡಿದರು. ಕಡೆಯದಾಗಿ, ೧೯೪೭ರ ಆಗಸ್ಟಿನಲ್ಲಿ ಹೈದರಾಬಾದು ಸಂಸ್ಥಾನವು ಭಾರತವನ್ನು ಸೇರದೆ ಉಳಿದು, ರಜಾಕಾರರ ಹಾವಳಿ ಮಿತಿಮೀರಿದಾಗ, ಗಡಿಯಾಚೆಯ ಮುಂಡರಗಿಯಲ್ಲಿ ಅಳವಂಡಿಯ ಶಿವಮೂರ್ತಿಸ್ವಾಮಿಗಳೂ ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರೂ ಶಿಬಿರಗಳನ್ನು ನಡೆಯಿಸಿದರು. ೧೯೪೮ರ ಸಪ್ಟೆಂಬರ್ ೧೭ರಂದು ನಿಜಾಮನು ಶರಣಾಗುವವರೆಗೆ ಆ ಹೋರಾಟವು ನಡೆಯಿತು.

ಮೂರು ಸಲವೂ ಜನರನ್ನು ಎಬ್ಬಿಸಿದುದಕ್ಕೆ ಕಾರಣಗಳಿದ್ದುವು: ದೂರದಲ್ಲಿ ಕುಳಿತು ಆಳುವ ಜಹಗೀರುದಾರ, ಕಸಿದುಕೊಂಡ ಆಯುಧ, ಸುಲಿಗೆಯ ಹಾವಳಿ. ಕಾರಣವಿದ್ದಾಗ ಎದ್ದರು; ಕಾರಣ ಉಳಿದುದರಿಂದಲೇ ಮತ್ತೆ ಎದ್ದರು. ಇದನ್ನು ಬಿಟ್ಟು ‘ರಕ್ತದಲ್ಲಿಯೇ ಬಂಡಾಯವಿದೆ’ ಎಂದರೆ ಆಗುವುದೇನು? ರಕ್ತವೇ ಕಾರಣವಾದ ಮೇಲೆ ಆಳಿದವರು ನಿರಪರಾಧಿಗಳಾದರು! ಬೇಡರು ಮೊದಲಾದವರನ್ನು ‘ಹುಟ್ಟಿನಿಂದಲೇ ಪುಂಡರು’ ಎಂದು ಬರೆದಿಟ್ಟ ಆಂಗ್ಲ ಅಧಿಕಾರಿಗಳ ವಾದವೂ ಇದೇ ಅಲ್ಲವೆ? ಅವರು ನಿಂದೆಗಾಗಿ ಹೇಳಿದುದನ್ನು ಇಂದಿನವರು ಹೊಗಳಿಕೆಗಾಗಿ ಹೇಳುವರು. ಹೊಗಳಿಕೆಯಾದ ಮಾತ್ರಕ್ಕೆ ಆ ವಾದವು ನ್ಯಾಯವಾಗದು.

ಹಾಗಾದರೆ ಈ ಚಿತ್ರಗಳಿಗೂ ಈ ಬಂಡಾಯಗಳಿಗೂ ಸಂಬಂಧವೇ ಇಲ್ಲವೋ ಎಂದು ಯಾರಾದರೂ ಕೇಳಬಹುದು. ಸಂಬಂಧವುಂಟು, ಆದರೆ ಅದು ವಂಶದ ಸಂಬಂಧವಲ್ಲ, ಅನಾದರದ ಸಂಬಂಧ. ಕೊಪ್ಪಳದ ಗವಿಮಠದಲ್ಲಿಯೂ ಪಾಲ್ಕಿಗುಂಡಿನಲ್ಲಿಯೂ ಇರುವ ಅಶೋಕನ ಶಾಸನಗಳು ೧೯೩೧ರಲ್ಲಿ ಬೆಳಕಿಗೆ ಬಂದು, ಮರುವರ್ಷವೇ ಹೈದರಾಬಾದಿನ ಪ್ರಾಚ್ಯವಸ್ತು ಗ್ರಂಥಮಾಲೆಯಲ್ಲಿ ಅಚ್ಚಾದುವು. ಅದು ಚಕ್ರವರ್ತಿಯ ಅಕ್ಷರ. ಅದಕ್ಕೆ ಸಲ್ಲಬೇಕಾದ ಮರ್ಯಾದೆಯೇ ಸಂದಿತು. ಕೆಮ್ಮಣ್ಣಿನ ಚಿತ್ರಕಾರನಿಗೆ ಅಕ್ಷರವಿರಲಿಲ್ಲ. ಭೀಮರಾಯನ ಹಿಂದೆ ಕೋಟೆಯನ್ನೇರಿದ ಸಾಮಾನ್ಯ ಸಿಪಾಯಿಗೆ ಶಾಸನ ಹಾಕಿಸುವ ಅರಸನಿರಲಿಲ್ಲ. ಬರೆದಿಟ್ಟುದು ಉಳಿಯುವುದೆಂಬುದಕ್ಕೆ ಹಲಗಲಿಯ ಬೇಡರೇ ಸಾಕ್ಷಿ. ಅವರ ಲಾವಣಿಯನ್ನು ಫ್ಲೀಟ್ ಸಾಹೇಬರು ಸಂಗ್ರಹಿಸಿ ಅಚ್ಚುಮಾಡಿಸಿದುದರಿಂದ ಅದು ಇಂದಿಗೂ ಓದಲು ದೊರೆಯುವುದು. ದಂಗೆಯನ್ನು ಅಡಗಿಸಿದ ಸರಕಾರದ ಅಧಿಕಾರಿಯೇ ಆ ಕೆಲಸವನ್ನು ಮಾಡಬೇಕಾಗಿ ಬಂದುದು ನಾಡಿನವರು ಯೋಚಿಸಬೇಕಾದ ಸಂಗತಿ.

ಇಲ್ಲಿ ಒಂದು ಆಕ್ಷೇಪ ಬರುವುದು. ಹಿರೇಬೆಣಕಲ್ಲು ೨೦೨೧ರಲ್ಲಿ ಯುನೆಸ್ಕೊ ಸಂಸ್ಥೆಯ ತಾತ್ಕಾಲಿಕ ಪಟ್ಟಿಯನ್ನು ಸೇರಿದೆ. ಸಪ್ಟೆಂಬರ್ ೧೭ರಂದು ಧ್ವಜವೇರುವುದು. ಇನ್ನೇನು ಬೇಕು, ಎಂಬರು. ಪಟ್ಟಿಯಲ್ಲಿ ಹೆಸರು ಬಂದುದರಿಂದ ಬಂಡೆಗೆ ಕಾವಲು ಬಂದಂತಾಗದು. ಬಿಸಿಲು, ಮಳೆ, ದನಗಾಹಿಯ ಬೆಂಕಿ, ತನ್ನ ಹೆಸರನ್ನು ಗೀಚದೆ ಹಿಂದಿರುಗದ ಯಾತ್ರಿಕ, ಇವರಾರೂ ಪಟ್ಟಿಯನ್ನು ಓದಿಕೊಂಡು ಬೆಟ್ಟ ಹತ್ತುವವರಲ್ಲ. ಧ್ವಜಾರೋಹಣವಾದರೋ ವರ್ಷಕ್ಕೊಂದು ಗಳಿಗೆಯದು. ೧೯೪೮ರಲ್ಲಿ ಇಪ್ಪತ್ತರ ಹರೆಯದಲ್ಲಿದ್ದವರು ಬದುಕಿದ್ದರೆ ಈಗ ನೂರರ ಅಂಚಿನಲ್ಲಿರುವರು. ಅವರೊಡನೆ ಹೋದುದನ್ನು ಯಾವ ಧ್ವಜವೂ ಮರಳಿ ತಾರದು.

ಆದುದರಿಂದ ವಂಶಾವಳಿಯ ಸಡಗರವನ್ನು ಬಿಟ್ಟು ಲೆಕ್ಕದ ಕೆಲಸಕ್ಕೆ ಕೈಹಚ್ಚಬೇಕು. ಅ. ಸುಂದರ ಅವರು ೧೯೭೫ರ ತಮ್ಮ ಗ್ರಂಥದಲ್ಲಿ ದಕ್ಷಿಣಭಾರತದ ಶಿಲಾಸಮಾಧಿಗಳನ್ನು ವಿವರಿಸಿದರು. ಆದರೆ ಅದು ಇಂಗ್ಲಿಷಿನಲ್ಲಿದೆ. ಇಂತಹ ತಿಳಿವು ಕನ್ನಡದಲ್ಲಿ, ಹಿರೇಬೆಣಕಲ್ಲಿನ ಶಾಲೆಯ ಮಕ್ಕಳ ಕೈಗೆ ಬರಬೇಕು. ಪ್ರತಿಯೊಂದು ಚಿತ್ರಬಂಡೆಗೂ ಒಂದು ಅಂಕೆ, ಒಂದು ಅಳತೆ, ಒಂದು ಭಾವಚಿತ್ರವಿರಬೇಕು. ಹಾಗೆಯೇ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕು ಸೀಮೆಗಳ ಊರೂರಿನಲ್ಲಿಯೂ ಶಿಬಿರಗಳಿಗೆ ಹೋದವರಾರು, ಅವರಿಗೆ ಬುತ್ತಿ ಕಟ್ಟಿಕೊಟ್ಟವರಾರು, ಹಿಂದಿರುಗದವರಾರು ಎಂಬುದನ್ನು ಮನೆಮನೆಗೆ ಹೋಗಿ ಕೇಳಿ ಬರೆಯಬೇಕು. ಹೆಂಗಸರು ಹೇಳುವುದನ್ನು ಮೊದಲು ಬರೆಯಬೇಕು. ಸರಕಾರಿ ದಫ್ತರದಲ್ಲಿ ಅವರ ಹೆಸರು ಬರುವುದು ಅಪರೂಪ. ಇದಕ್ಕೆ ದೊಡ್ಡ ಹಣ ಬೇಡ; ಒಂದು ವಹಿ, ಒಂದು ಲೇಖನಿ, ಕೇಳುವ ತಾಳ್ಮೆ ಇಷ್ಟಿದ್ದರೆ ಸಾಕು. ಓದುಬಲ್ಲ ಮನೆಗಳು ಈ ನಾಲ್ಕು ಸೀಮೆಗಳಲ್ಲಿ ಈಗ ಕಡಿಮೆಯಿಲ್ಲ.

ಬಂಡೆಯ ಮೇಲೆ ಬರೆದವನು ತನ್ನ ಪಾಲಿನ ಕೆಲಸವನ್ನು ಮಾಡಿಹೋದನು. ಕೋಟೆಯಲ್ಲಿ ಮಡಿದವರೂ ತಮ್ಮ ಪಾಲಿನದನ್ನು ಸಲ್ಲಿಸಿದರು. ಇನ್ನುಳಿದ ಕೆಲಸವು ಅಕ್ಷರ ಕಲಿತವರದು.