ನಾರುಹುಣ್ಣು ಹೋಯಿತು, ಕೇಳುವ ಅಭ್ಯಾಸವೂ ಹೋಯಿತೆ?

ಬಳ್ಳಾರಿ ಸೀಮೆಯ ಹಿರಿಯರಿಗೆ ‘ನಾರುಹುಣ್ಣು’ ಎಂಬ ಮಾತು ಇಂದಿಗೂ ಅಪರಿಚಿತವಲ್ಲ. ಕಾಲಿನ ಮೇಲೆ ಉರಿಯುವ ಬೊಕ್ಕೆಯೊಂದು ಏಳುವುದು, ಅದು ಒಡೆದು ಬಿಳಿಯ ದಾರದಂಥ ಹುಳು ಇಣುಕುವುದು, ಆ ಹುಳುವನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ಎಂದು ವಾರಗಟ್ಟಲೆ ಎಳೆಯುವುದು. ಅವಸರಪಟ್ಟು ಎಳೆದು ಹುಳು ತುಂಡಾದರೆ ಕಾಲು ಬಾತು ಕೀವುಗಟ್ಟುತ್ತಿತ್ತು. ಬಿತ್ತನೆಯ ಹೊತ್ತಿಗೆ ಮನೆಯ ದುಡಿಯುವ ಆಳು ಹಾಸಿಗೆ ಹಿಡಿದರೆ ಆ ವರ್ಷದ ಬೆಳೆಯೇ ಕೈಬಿಟ್ಟಂತೆ. ಇಂದು ಹೊಸಪೇಟೆಯಲ್ಲಾಗಲಿ ಸಂಡೂರಿನಲ್ಲಾಗಲಿ ಇದನ್ನು ಕಣ್ಣಾರೆ ಕಂಡ ಯುವ ವೈದ್ಯರು ಸಿಗಲಾರರು. ಅದು ಹೆಮ್ಮೆಯ ಸಂಗತಿಯೇ. ಆದರೆ ಆ ರೋಗವನ್ನು ಓಡಿಸಿದ ವಿವೇಕವೂ ರೋಗದೊಡನೆಯೇ ಹೊರಟುಹೋಗಿದ್ದರೆ ಅದು ಚಿಂತಿಸಬೇಕಾದ ಸಂಗತಿ.

ನಾರುಹುಳು ಜಂತುಹುಳುವಿನಂತೆಯೇ ದುಂಡುಹುಳುಗಳ ವರ್ಗಕ್ಕೆ ಸೇರಿದ ಪರೋಪಜೀವಿ. ಹೆಣ್ಣುಹುಳು ಸುಮಾರು ಒಂದು ಮೀಟರ್ ಉದ್ದ ಬೆಳೆಯುತ್ತದೆ. ಉರಿ ತಾಳಲಾರದೆ ರೋಗಿ ಕಾಲನ್ನು ನೀರಿಗಿಟ್ಟೊಡನೆ ಅದು ಸಾವಿರಾರು ಮರಿಗಳನ್ನು ನೀರಿಗೆ ಚೆಲ್ಲುತ್ತದೆ. ಆ ಮರಿಗಳನ್ನು ಸೈಕ್ಲಾಪ್ಸ್ ಎಂಬ ಅತಿ ಸಣ್ಣ ನೀರುಜೀವಿ ನುಂಗುತ್ತದೆ. ಆ ನೀರನ್ನು ಸೋಸದೆ ಕುಡಿದವರ ಒಡಲಲ್ಲಿ ಮರಿಗಳು ಬಿಡುಗಡೆಗೊಂಡು, ಸುಮಾರು ಒಂದು ವರ್ಷ ಸದ್ದಿಲ್ಲದೆ ಬೆಳೆದು, ಮತ್ತೆ ಕಾಲಿನ ಚರ್ಮವನ್ನು ಸೀಳುತ್ತವೆ. ಸೈಕ್ಲಾಪ್ಸ್‌ನ ಪಾತ್ರವನ್ನು ರಷ್ಯದ ವಿಜ್ಞಾನಿ ಫೆಡ್‌ಚೆಂಕೊ 1870ರ ಸುಮಾರಿಗೇ ಗುರುತಿಸಿದ್ದರು. ಈ ಚಕ್ರ ತಿರುಗಲು ಮನುಷ್ಯ ನೀರಿಗಿಳಿಯಬೇಕು ಮತ್ತು ಅದೇ ನೀರನ್ನು ಕುಡಿಯಬೇಕು. ಕೊಡ ಹಿಡಿದು ಮೆಟ್ಟಿಲಿಳಿದು ನೀರು ತುಂಬಿಕೊಳ್ಳುವ ಬಾವಿ ಈ ಎರಡಕ್ಕೂ ಹೇಳಿ ಮಾಡಿಸಿದ ಜಾಗವಾಗಿತ್ತು.

ಈ ರೋಗಕ್ಕೆ ಲಸಿಕೆ ಇಲ್ಲ, ಹುಳುವನ್ನು ಕೊಲ್ಲುವ ಮದ್ದೂ ಇಲ್ಲ. ಒಮ್ಮೆ ಬಂದವರಿಗೆ ಮತ್ತೆ ಬಾರದೆಂಬ ಭರವಸೆಯೂ ಇಲ್ಲ. ಆದರೂ ಅದನ್ನು ಸೋಲಿಸಲಾಯಿತು. ಭಾರತ 1980ರ ದಶಕದ ಆರಂಭದಲ್ಲಿ ರಾಷ್ಟ್ರೀಯ ನಿರ್ಮೂಲನ ಕಾರ್ಯಕ್ರಮ ಕೈಗೊಂಡಾಗ ಕರ್ನಾಟಕವೂ ಸೇರಿದಂತೆ ಏಳು ರಾಜ್ಯಗಳಲ್ಲಿ ರೋಗವಿತ್ತು. 1984ರಲ್ಲಿ ದೇಶದಲ್ಲಿ ದಾಖಲಾದ ರೋಗಿಗಳು ಸುಮಾರು 40 ಸಾವಿರ. ಕಾರ್ಯಕರ್ತರು ಮನೆಮನೆಗೆ ಹೋಗಿ ರೋಗಿಗಳನ್ನು ಹುಡುಕಿದರು, ಯಾವ ಬಾವಿಯ ನೀರು ಕುಡಿಯುತ್ತೀರಿ ಎಂದು ಕೇಳಿದರು. ಬಟ್ಟೆಯಲ್ಲಿ ನೀರು ಸೋಸುವುದನ್ನು ಕಲಿಸಿದರು. ಬಾವಿಗಳಿಗೆ ಸೈಕ್ಲಾಪ್ಸ್ ಕೊಲ್ಲುವ ಔಷಧ ಹಾಕಿದರು. ಮೆಟ್ಟಿಲ ಬಾವಿಗಳು ಕಟ್ಟೆ ಕಟ್ಟಿದ ಸೇದುವ ಬಾವಿಗಳಾದವು, ಊರೂರಿಗೆ ಕೈಪಂಪು ಬಂದವು. ದೇಶದ ಕೊನೆಯ ರೋಗಿ ಪತ್ತೆಯಾದದ್ದು 1996ರ ಜುಲೈಯಲ್ಲಿ, ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ. 2000ನೇ ಇಸವಿಯ ಫೆಬ್ರುವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣು ಮುಕ್ತ ದೇಶವೆಂದು ಪ್ರಮಾಣೀಕರಿಸಿತು. 2024ರಲ್ಲಿ ಇಡೀ ಜಗತ್ತಿನಲ್ಲಿ ಈ ರೋಗ ತಗುಲಿದವರು ಕೇವಲ 15 ಮಂದಿ, ಎಲ್ಲರೂ ಆಫ್ರಿಕದ ಚಾಡ್ ಮತ್ತು ದಕ್ಷಿಣ ಸುಡಾನ್ ದೇಶಗಳವರು.

ಈ ಇತಿಹಾಸ ಪರಿಸರ ಚಳವಳಿಗೆ ತುಸು ಮುಜುಗರ ತರುವಂಥದ್ದು. ಹಂಪಿಯ ಪುಷ್ಕರಣಿಗಳನ್ನೂ ಹಳೆಯ ಊರುಬಾವಿಗಳನ್ನೂ ಕೊಂಡಾಡುವವರು, ಕೊಳವೆಬಾವಿಯನ್ನು ಅಂತರ್ಜಲದ ಶತ್ರುವೆಂದು ಬಗೆಯುವವರು, ಅದೇ ಕೊಳವೆಬಾವಿಯ ಕೈಪಂಪು ಲಕ್ಷಾಂತರ ಜನರ ಕಾಲನ್ನು ಉಳಿಸಿತೆಂಬುದನ್ನು ಒಪ್ಪಿಕೊಳ್ಳಬೇಕು. ಕೊಳವೆಬಾವಿಯ ಭರಾಟೆ ಮುಂದೆ ಅಂತರ್ಜಲವನ್ನು ಪಾತಾಳಕ್ಕಿಳಿಸಿ ಫ್ಲೋರೈಡ್ ನೀರನ್ನು ಕುಡಿಸಿದ್ದೂ ಅಷ್ಟೇ ನಿಜ. ಹಾಗೆಂದು ಹಳೆಯ ಬಾವಿಗಳ ಹೂಳೆತ್ತುವುದು ತಪ್ಪಲ್ಲ, ಅದು ಆಗಲೇಬೇಕಾದ ಕೆಲಸ. ಆದರೆ ಜನ ಇಳಿಯುವ ನೀರು ಬೇರೆ, ಕುಡಿಯುವ ನೀರು ಬೇರೆ ಎಂಬ ಗೆರೆಯನ್ನು ಎಳೆಯದೆ ಹಳೆಯದನ್ನು ಮರಳಿ ತರುವುದು ವಿವೇಕವಲ್ಲ.

ನಾರುಹುಣ್ಣಿನ ಪತ್ತೆಗೆ ಪ್ರಯೋಗಾಲಯ ಬೇಕಿರಲಿಲ್ಲ, ಬರಿಗಣ್ಣು ಸಾಕಿತ್ತು. ಉಳಿದ ದುಂಡುಹುಳುಗಳು ಅಷ್ಟು ಉದಾರಿಗಳಲ್ಲ. ಸ್ಟ್ರಾಂಜಿಲಾಯ್ಡಿಸ್ ಎಂಬ ಹುಳುವನ್ನೇ ನೋಡಿ. ಮಲದಿಂದ ಮಲಿನವಾದ ಹಸಿ ಮಣ್ಣಿನಿಂದ ಬರಿಗಾಲಿನ ಚರ್ಮದ ಮೂಲಕ ಅದು ಒಳಹೊಗುತ್ತದೆ. ಬಹುತೇಕ ಹುಳುಗಳಿಗಿಲ್ಲದ ಒಂದು ಗುಣ ಇದಕ್ಕಿದೆ. ದೇಹದೊಳಗೇ ಮತ್ತೆ ಮತ್ತೆ ಸೋಂಕು ಉಂಟುಮಾಡುತ್ತ ದಶಕಗಳ ಕಾಲ ಅಡಗಿರಬಲ್ಲದು. ಕಂಪ್ಲಿಯ ಗದ್ದೆಗಳಲ್ಲಿ ನಾಟಿ ಮಾಡಿ ಬಾಳು ಕಳೆದ ಹೆಣ್ಣುಮಗಳೊಬ್ಬಳು ಮುಪ್ಪಿನಲ್ಲಿ ಉಬ್ಬಸಕ್ಕೆಂದು ಆಸ್ಪತ್ರೆಗೆ ಬರುತ್ತಾಳೆ ಎಂದಿಟ್ಟುಕೊಳ್ಳೋಣ. ಆಕೆಯೊಳಗೆ ಈ ಹುಳುವಿದ್ದು, ಅದನ್ನು ಅರಿಯದೆ ಸ್ಟೆರಾಯ್ಡ್ ಕೊಟ್ಟರೆ, ಹುಳುಗಳು ಮಿತಿಮೀರಿ ಹೆಚ್ಚಿ ಶ್ವಾಸಕೋಶಕ್ಕೂ ಇತರ ಅಂಗಗಳಿಗೂ ನುಗ್ಗಿ ಪ್ರಾಣವನ್ನೇ ತೆಗೆಯಬಹುದು. ಒಂದು ದಿನದ ಮಲಪರೀಕ್ಷೆಯಲ್ಲಿ ಇದು ತಪ್ಪಿಸಿಕೊಳ್ಳುವುದೇ ಹೆಚ್ಚು. ಹಲವು ದಿನಗಳ ಮಾದರಿ, ಅಗರ್ ತಟ್ಟೆಯ ಕೃಷಿ ಅಥವಾ ರಕ್ತದ ಪ್ರತಿಕಾಯ ಪರೀಕ್ಷೆ ಬೇಕಾಗುತ್ತದೆ. ರಕ್ತದಲ್ಲಿ ಇಯೊಸಿನೊಫಿಲ್ ಕಣಗಳು ಏರಿದ್ದರೆ ಅದೊಂದು ಸುಳಿವು, ಆದರೆ ಸ್ಟೆರಾಯ್ಡ್ ಸೇವಿಸುವವರಲ್ಲಿ ಆ ಸುಳಿವೂ ಅಳಿಸಿಹೋಗಬಹುದು. 2015ರಿಂದ ಶಾಲೆ ಅಂಗನವಾಡಿಗಳಲ್ಲಿ ಮಕ್ಕಳಿಗೆ ಕೊಡುತ್ತಿರುವ ಆಲ್ಬೆಂಡಜೋಲ್ ಮಾತ್ರೆಯ ಗುರಿ ಜಂತುಹುಳು, ಕೊಕ್ಕೆಹುಳು, ಚಾಟಿಹುಳುಗಳು. ಇದಕ್ಕೆ ಐವರ್ಮೆಕ್ಟಿನ್ ಬೇಕು.

ಇನ್ನೊಂದು ಡೈರೋಫೈಲೇರಿಯಾ. ಇದು ನಾಯಿಯ ಹುಳು. ಸೊಳ್ಳೆ ಅದನ್ನು ಮನುಷ್ಯನಿಗೆ ದಾಟಿಸುತ್ತದೆ. ಚರ್ಮದಡಿ ಗಂಟಾಗಿಯೋ ಕಣ್ಣಿನ ಬಿಳಿಪೊರೆಯ ಕೆಳಗೆ ಹರಿದಾಡುವ ದಾರವಾಗಿಯೋ ಕಾಣಿಸಿಕೊಳ್ಳುತ್ತದೆ. ಕೇರಳ ಮತ್ತು ಕರ್ನಾಟಕದ ಕರಾವಳಿಯಿಂದ ಇಂಥ ರೋಗಿಗಳ ವರದಿಗಳಿವೆ. ಮನುಷ್ಯನ ದೇಹದಲ್ಲಿ ಈ ಹುಳು ಸಾಮಾನ್ಯವಾಗಿ ಸಂತಾನ ಬೆಳೆಸದ ಕಾರಣ ರಕ್ತಪರೀಕ್ಷೆಯಲ್ಲಿ ಸಿಗದು. ಹುಳುವನ್ನೇ ಹೊರತೆಗೆದು ಪರೀಕ್ಷಿಸಿದಾಗ ಮಾತ್ರ ಖಚಿತ. ಗಂಟನ್ನು ಕೊಯ್ದು ಬಿಸಾಡಿದರೆ ರೋಗ ಹೋದೀತು, ಅರಿವು ಉಳಿಯದು. ಪ್ರವಾಸಿಗರ ಎಂಜಲು, ಅದನ್ನು ನೆಚ್ಚಿ ಬೆಳೆಯುವ ಬೀದಿನಾಯಿಗಳು, ನಿಂತ ಕೊಳಚೆ ನೀರು, ಸೊಳ್ಳೆ ಇವೆಲ್ಲ ಒಂದೇ ಕಡೆ ಸೇರುವ ಹಂಪಿ ಹೊಸಪೇಟೆಗಳಂಥ ಊರುಗಳು ಈ ಮಾತನ್ನು ತಳ್ಳಿಹಾಕುವಂತಿಲ್ಲ.

ಗಣಿ ಮತ್ತು ಕಾರ್ಖಾನೆಯ ಕೆಲಸಕ್ಕೆಂದು ದೂರದ ರಾಜ್ಯಗಳಿಂದ ಸಂಡೂರು ಸೀಮೆಗೆ ಬಂದವರ ಮಾತು ಬೇರೆ. ಅವರಲ್ಲಿ ಕೆಲವರು ಆನೆಕಾಲು ರೋಗದ ನಾಡಿನಿಂದ ಬಂದಿರಬಹುದು. ಆ ಹುಳುವಿನ ಮರಿಗಳು ನಮ್ಮ ದೇಶದಲ್ಲಿ ರಕ್ತಕ್ಕೆ ಬರುವುದು ಹೆಚ್ಚಾಗಿ ರಾತ್ರಿಯ ಹೊತ್ತು. ಹಗಲು ಹನ್ನೊಂದಕ್ಕೆ ತೆಗೆದ ರಕ್ತಲೇಪನ ‘ಇಲ್ಲ’ ಎಂದು ಹೇಳಿದರೆ ಅದು ಹುಳುವಿನ ಸುಳ್ಳಲ್ಲ, ಗಡಿಯಾರದ ಸುಳ್ಳು. ಆ ಕಾರ್ಮಿಕ ಯಾವ ಊರಿನವನು ಎಂದು ಕೇಳಿದ್ದರೆ ರಾತ್ರಿ ರಕ್ತ ತೆಗೆಯಬೇಕೆಂಬುದು ಹೊಳೆಯುತ್ತಿತ್ತು.

ಕ್ಷಯ, ರಕ್ತಹೀನತೆ, ಗಣಿಧೂಳಿನ ಕಾಯಿಲೆಗಳೇ ಹಾಸಿ ಹೊದೆಯುವಷ್ಟಿರುವಾಗ ಅಪರೂಪದ ಹುಳುಗಳ ಗೊಡವೆ ಏಕೆಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಆದರೆ ಇಲ್ಲಿ ಬೇಡುತ್ತಿರುವುದು ದುಬಾರಿ ಯಂತ್ರವನ್ನಲ್ಲ. ಎಲ್ಲಿಯ ನೀರು ಕುಡಿಯುತ್ತೀರಿ, ಬರಿಗಾಲಲ್ಲಿ ದುಡಿಯುತ್ತೀರಾ, ಬಯಲಿಗೆ ಹೋಗುತ್ತೀರಾ, ಯಾವ ಊರಿಂದ ಬಂದಿರಿ, ಈ ನಾಲ್ಕು ಪ್ರಶ್ನೆಗಳಿಗೆ ಕಾಸು ಖರ್ಚಿಲ್ಲ. ಅವು ಕ್ಷಯಕ್ಕೂ ರಕ್ತಹೀನತೆಗೂ ಉಪಯೋಗಕ್ಕೆ ಬರುವ ಪ್ರಶ್ನೆಗಳೇ. ಅಪರೂಪವೆಂದು ಕರೆಸಿಕೊಳ್ಳುವ ರೋಗಗಳಲ್ಲಿ ನಿಜಕ್ಕೂ ಅಪರೂಪವಾದವೆಷ್ಟು, ಯಾರೂ ಹುಡುಕದೆ ಅಪರೂಪವಾದವೆಷ್ಟು ಎಂಬುದು ಹುಡುಕಿದ ಮೇಲಷ್ಟೇ ತಿಳಿದೀತು.

ಆಗಬೇಕಾದದ್ದು ಇಷ್ಟು. ತಾಲ್ಲೂಕು ಆಸ್ಪತ್ರೆಯ ಸೂಕ್ಷ್ಮದರ್ಶಕದ ಮುಂದೆ ನುರಿತ ಕಣ್ಣೊಂದು ಸದಾ ಇರಬೇಕು. ಸಿದ್ಧ ಪರೀಕ್ಷಾಪಟ್ಟಿಗಳು ಬಂದವೆಂದು ಆ ವಿದ್ಯೆಯನ್ನು ಮೂಲೆಗೆ ತಳ್ಳಬಾರದು. ಹೊರತೆಗೆದ ಹುಳುವನ್ನು ವೈದ್ಯಕೀಯ ಕಾಲೇಜಿನ ಪರೋಪಜೀವಿ ತಜ್ಞರಿಗೆ ಕಳಿಸುವ ಏರ್ಪಾಡಾಗಬೇಕು. ಗದ್ದೆ ಕೂಲಿಗಳಿಗೂ ಗಣಿ ಕಾರ್ಮಿಕರಿಗೂ ದೀರ್ಘಕಾಲ ಸ್ಟೆರಾಯ್ಡ್ ಕೊಡುವ ಮುನ್ನ ಹುಳುವಿನ ವಿಚಾರಣೆ ನಡೆಯಬೇಕು. ಪಶುವೈದ್ಯರೂ ಜನವೈದ್ಯರೂ ಒಂದೇ ಮೇಜಿನ ಸುತ್ತ ಕೂರಬೇಕು. ಚಾಡ್ ದೇಶದಲ್ಲಿ ಇಂದು ನಾರುಹುಳು ಮನುಷ್ಯರಿಗಿಂತ ನಾಯಿಗಳಲ್ಲೇ ಹೆಚ್ಚು ಕಾಣುತ್ತಿದೆ ಎಂಬುದು ಇದಕ್ಕೆ ಸಾಕಷ್ಟು ಎಚ್ಚರಿಕೆ.

ಬೆಟ್ಟ, ಹೊಳೆ, ಕೆರೆಗಳಿಗಾಗಿ ಬೀದಿಗಿಳಿಯುವ ಸಂಘಟನೆಗಳು ಇದು ಆಸ್ಪತ್ರೆಯವರ ಕೆಲಸವೆಂದು ಕೈಕಟ್ಟಿ ಕೂರುವಂತಿಲ್ಲ. ನಾರುಹುಣ್ಣನ್ನು ಓಡಿಸಿದವರು ರೋಗಿಯ ಕಾಲನ್ನು ನೋಡಿದ ಮೇಲೆ ಅವನ ಊರಿನ ಬಾವಿಯನ್ನೂ ನೋಡಲು ಹೋದರು. ಆ ದಾರಿಯಲ್ಲಿ ಮತ್ತೆ ನಡೆಯಬೇಕಾಗಿದೆ.