ವಾಡಿಕೆ ಮಳೆ ಬಂತು, ತೆನೆಗೆ ಕಾಳು ಬರಲಿಲ್ಲ

‘ಈ ಸಲ ವಾಡಿಕೆಯಷ್ಟು ಮಳೆ ಆಗಿದೆ’ ಅಂತ ಸರ್ಕಾರ ಹೇಳಿದಾಗಲೆಲ್ಲ ನನಗೆ ಏಳುವ ಪ್ರಶ್ನೆ ಒಂದೇ: ಯಾವಾಗ ಆಯ್ತು? ದಾವಣಗೆರೆ, ಹಾವೇರಿ ಕಡೆ ಮಳೆಯನ್ನೇ ನಂಬಿ ಮೆಕ್ಕೆಜೋಳ ಬಿತ್ತಿದವರಿಗೆ ಎಷ್ಟು ಮಳೆ ಅನ್ನೋದಕ್ಕಿಂತ ಯಾವ ವಾರದ ಮಳೆ ಅನ್ನೋದು ಮುಖ್ಯ.

ಎಂಜಿನಿಯರಿಂಗ್ ಬಿಟ್ಟರೂ ಲೆಕ್ಕದ ಚಟ ಬಿಟ್ಟಿಲ್ಲ, ಸ್ವಲ್ಪ ಸಹಿಸಿಕೊಳ್ಳಿ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ವಿಧಾನ ಸರಳ. ಬಿಸಿಲು, ಗಾಳಿ, ತೇವಾಂಶ ನೋಡಿ, ಹಸಿರು ಹುಲ್ಲು ಹೊದ್ದ ನೆಲದಿಂದ ದಿನಕ್ಕೆ ಎಷ್ಟು ನೀರು ಆವಿಯಾಗುತ್ತದೆ ಎಂದು ಮೊದಲು ಅಂದಾಜಿಸಬೇಕು. ಆಮೇಲೆ ಅದನ್ನು ಬೆಳೆಯ ಗುಣಾಂಕದಿಂದ ಗುಣಿಸಬೇಕು. ಮೆಕ್ಕೆಜೋಳ ಎಳೆ ಸಸಿಯಾಗಿದ್ದಾಗ ಈ ಗುಣಾಂಕ ಸುಮಾರು 0.3. ಸೂಲಂಗಿ ಬಿಟ್ಟು ತೆನೆ ಕಟ್ಟುವಾಗ 1.2. ಕೊಯ್ಲಿನ ಹೊತ್ತಿಗೆ ಮತ್ತೆ ಅರ್ಧಕ್ಕಿಂತ ಕೆಳಗೆ.

ಆವಿಯ ಪ್ರಮಾಣ ದಿನಕ್ಕೆ 4.5 ಮಿ.ಮೀ. ಅಂದುಕೊಳ್ಳಿ. ಒಂದು ಎಕರೆಯಲ್ಲಿ 1 ಮಿ.ಮೀ. ಅಂದರೆ ಸುಮಾರು 4,000 ಲೀಟರ್. ಸಸಿಗೆ ದಿನಕ್ಕೆ 5,500 ಲೀಟರ್ ಸಾಕು, ತೆನೆ ಕಟ್ಟುವಾಗ ಬೇಕಾಗುವುದು ಹತ್ತಿರಹತ್ತಿರ 22,000 ಲೀಟರ್. ನಾಲ್ಕು ಪಟ್ಟು!

ಆ ಹೊತ್ತಲ್ಲಿ ನೀರು ತಪ್ಪಿದರೆ ಆಗುವ ನಷ್ಟವೂ ಬೇರೆ ಥರದ್ದು. ತೆನೆಯ ಒಂದೊಂದು ರೇಷ್ಮೆ ಎಳೆಗೆ ಪರಾಗ ತಾಗಿದರೇನೇ ಒಂದೊಂದು ಕಾಳು. ಬಾಯಾರಿದ ಗಿಡದಲ್ಲಿ ಎಳೆ ಹೊರಬರೋದು ತಡವಾಗುತ್ತದೆ, ಅಷ್ಟರಲ್ಲಿ ಸೂಲಂಗಿಯ ಪರಾಗ ಉದುರಿ ಮುಗಿದಿರುತ್ತದೆ. ಮುಂದಿನ ವಾರ ಜಡಿಮಳೆ ಸುರಿದರೂ ಹೋದ ಕಾಳು ವಾಪಸ್ ಬರಲ್ಲ. ನೀರು ಹೆಚ್ಚು ಹೊತ್ತು ನಿಲ್ಲದ ಕೆಂಪು ಮಣ್ಣಿನ ಹೊಲದಲ್ಲಿ ಈ ಏಟು ಇನ್ನೂ ಬೇಗ ಬೀಳುತ್ತದೆ.

2023ರ ಆಗಸ್ಟ್ ನೆನಪಿಸಿಕೊಳ್ಳಿ. 1901ರಿಂದೀಚೆಗೆ ದೇಶ ಕಂಡ ಅತ್ಯಂತ ಒಣ ಆಗಸ್ಟ್ ಅದು. ಜೂನ್ ಮಧ್ಯದಲ್ಲಿ ಬಿತ್ತಿದ ಮೆಕ್ಕೆಜೋಳ ಸೂಲಂಗಿ ಬಿಡುವುದೂ ಆಗಸ್ಟ್‌ನಲ್ಲೇ.

ಈಗ ಬರ ಘೋಷಣೆಯ ನಿಯಮ ನೋಡಿ. ಕೇಂದ್ರದ 2016ರ ಬರ ಕೈಪಿಡಿ ಮೊದಲು ನೋಡುವುದು ಮಳೆ ಕೊರತೆಯನ್ನು, ಇಲ್ಲವೇ ಮೂರ್ನಾಲ್ಕು ವಾರದ ಸತತ ಒಣ ಅವಧಿಯನ್ನು. ತೆನೆ ಕಟ್ಟುವಾಗ ಎರಡು ವಾರ ಮಳೆ ಹೋದರೆ ಬೆಳೆಗೆ ಪೆಟ್ಟು ಬಿದ್ದಾಗಿದೆ, ಒಣ ಅವಧಿಯ ಲೆಕ್ಕಕ್ಕೆ ಮಾತ್ರ ಅದು ಬರಲ್ಲ. ನಂತರದ ಹಂತದಲ್ಲಿ ಉಪಗ್ರಹ, ಮಣ್ಣಿನ ತೇವ, ಹೊಲದ ತಪಾಸಣೆ ಎಲ್ಲ ಇವೆ, ನಿಜ. ಆದರೆ ಮೊದಲ ಬಾಗಿಲೇ ತೆರೆಯದಿದ್ದರೆ ಅಲ್ಲಿಗೆ ಹೋಗುವುದು ಹೇಗೆ? ಉಪಗ್ರಹಕ್ಕೆ ಕಾಣುವುದೂ ಎಲೆಯ ಹಸಿರು, ಒಳಗಿನ ಬರಿದಾದ ತೆನೆಯಲ್ಲ.

ಇದನ್ನೆಲ್ಲ ದಾಟಿ, ಶೇ 33ಕ್ಕಿಂತ ಹೆಚ್ಚು ನಷ್ಟ ಸಾಬೀತಾದರೆ, ಮಳೆಯಾಶ್ರಿತ ಬೆಳೆಗೆ ಕೇಂದ್ರದ ಮಾನದಂಡದಂತೆ ಸಿಗುವ ಪರಿಹಾರ ಹೆಕ್ಟೇರಿಗೆ 8,500 ರೂಪಾಯಿ. ಎಕರೆಗೆ 3,500 ಕೂಡ ಇಲ್ಲ.

ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಮಳೆಮಾಪಕಗಳಿವೆ. ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆ ಅಂತ ಮೊಬೈಲ್ ಆ್ಯಪ್‌ನಲ್ಲಿ ಸಮೀಕ್ಷೆಯೂ ನಡೆಯುತ್ತದೆ. ಇವೆರಡಕ್ಕೆ ಬಿತ್ತನೆ ದಿನಾಂಕ ಜೋಡಿಸಿದರೆ, ಯಾವ ಊರಿನ ಬೆಳೆ ಯಾವ ಹಂತದಲ್ಲಿ ಎಷ್ಟು ಬಾಯಾರಿತ್ತು ಅಂತ ವಾರವಾರವೂ ಅಂದಾಜಿಸಬಹುದು. ಇದು ರಾಕೆಟ್ ವಿಜ್ಞಾನವಲ್ಲ, ಎರಡು ಅಂಕಿಗಳ ಗುಣಾಕಾರ. ಅದನ್ನು ಮಾಡಿದರೆ ಪರಿಹಾರ ಕೊಡಬೇಕಾಗುತ್ತದೆ ಅನ್ನೋದೇ ತೊಡಕು ಇರಬಹುದಾ?